ಮುಂಬೈ ಮನೆಗೆ ಏರ್ ಪ್ಯೂರಿಫೈಯರ್: ಯಾವ ಓಣಿಯಲ್ಲಿ ದುಡ್ಡು ಸಾರ್ಥಕ, ಯಾವ ಕೋಣೆಯಲ್ಲಿ ದಂಡ

ಮಳೆ ಪೂರ್ತಿ ಹಿಂದೆ ಸರಿದು ಅಕ್ಟೋಬರ್ ಕೊನೆ ಬಂತೆಂದರೆ ಮುಂಬೈಯ ಗಾಳಿ ಕೆಡಲು ಶುರು. ರಾತ್ರಿ ನೆಲದ ಕಡೆಯಿಂದ ಸಮುದ್ರದತ್ತ ಮೆಲ್ಲಗೆ ಬೀಸುವ ಗಾಳಿಗೆ ಹೊಗೆ, ಧೂಳನ್ನು ಹೊತ್ತೊಯ್ಯುವಷ್ಟು ಬಲ ಇರುವುದಿಲ್ಲ. ಬೆಳಗಿನ ಹೊತ್ತು ಅದೆಲ್ಲ ಕಟ್ಟಡಗಳ ನಡುವೆ ನಿಂತೇ ಇರುತ್ತದೆ. ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮವರ ಮನೆಗಳಲ್ಲಿ ವಾರಗಟ್ಟಲೆ ಬಿಡದ ಕೆಮ್ಮು ಕಾಣಿಸಿಕೊಳ್ಳುವುದು, ಏರ್ ಪ್ಯೂರಿಫೈಯರ್ ಕೊಳ್ಳೋಣವೇ ಎಂಬ ಮಾತು ಏಳುವುದು ಇದೇ ಕಾಲದಲ್ಲಿ. ಹತ್ತು ಸಾವಿರ ರೂಪಾಯಿ ಆಸುಪಾಸಿನ ಹೆಪಾ (ಸೂಕ್ಷ್ಮ ಕಣ ಹಿಡಿಯುವ ಫಿಲ್ಟರ್) ಪ್ಯೂರಿಫೈಯರ್‌ಗಳನ್ನು ಮುಂಬೈ ಮನೆಯ ಅಳತೆಗೆ ಇಟ್ಟು ನೋಡಿದ ವಿಮರ್ಶೆ ಇದು. ಅದರ ಜೊತೆಗೆ ಬೇಕಾಗುವ ಗಾಳಿ ಮಾಪಕ, ಸರ್ಕಾರಿ ಆ್ಯಪ್, ಮಳೆಗಾಲದಲ್ಲಿ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಬಗ್ಗೆಯೂ ಹೇಳಬೇಕಾಗುತ್ತದೆ. ಯಾಕೆಂದರೆ ಯಂತ್ರದ ಗುಣ ಅರ್ಧ, ನೀವಿರುವ ಜಾಗದ ಗುಣ ಇನ್ನರ್ಧ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆ, ಮುಚ್ಚಬಹುದಾದ ಬಾಗಿಲು ಮತ್ತು ಕಿಟಕಿ, ಪಕ್ಕದಲ್ಲಿ ಹೆದ್ದಾರಿ ಅಥವಾ ಸದಾ ವಾಹನ ಓಡುವ ರಸ್ತೆ: ಇಂಥ ಮನೆಗೆ ಪ್ಯೂರಿಫೈಯರ್ ನಿಜಕ್ಕೂ ಕೆಲಸ ಮಾಡುತ್ತದೆ. ಮನೆಯಲ್ಲಿ ಆಸ್ತಮಾದ ಮಗು, ಹೃದಯದ ತೊಂದರೆ ಇರುವ ಹಿರಿಯರು ಅಥವಾ ಗರ್ಭಿಣಿ ಇದ್ದರೆ ಯೋಚನೆ ಮಾಡುತ್ತ ಕೂರಬೇಡಿ, ಕೊಳ್ಳಿ. ಆದರೆ ಕಾರ್ಖಾನೆಯ ಅನಿಲ, ಗೋಡೆಯ ಥಂಡಿ ಅಂದರೆ ತೇವ, ರಾತ್ರಿಯ ಗದ್ದಲ, ಈ ಮೂರಕ್ಕೂ ಇದು ಮದ್ದಲ್ಲ. ಮುಂಬೈಯಲ್ಲಿ ಎಷ್ಟೋ ಮನೆಯವರ ದೇಹ ಮತ್ತು ಮನಸ್ಸನ್ನು ಹಣ್ಣು ಮಾಡುತ್ತಿರುವುದು ಈ ಮೂರೇ. ಅಂಥವರು ಪ್ಯೂರಿಫೈಯರ್‌ಗೆ ದುಡ್ಡು ಸುರಿದು ಏನೂ ಗುಣ ಕಾಣದೆ ಸೋಲುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊದಲು ಆ್ಯಪ್ ನೋಡಿ, ಆದರೆ ಅದನ್ನು ಓದುವುದು ಹೇಗೆಂದು ತಿಳಿದು ನೋಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ಉಚಿತ. ಸಯಾನ್, ಕುರ್ಲಾ, ದೇವನಾರ್, ಮುಲುಂಡ್ ಪಶ್ಚಿಮ, ಕಾಂದಿವಲಿ ಪೂರ್ವ, ಚಕಾಲಾ ಹೀಗೆ ಕೇಂದ್ರವಾರು ಸಂಖ್ಯೆ ಕೊಡುತ್ತದೆ. ಒಳ್ಳೆಯ ಸೇವೆ, ಫೋನಿನಲ್ಲಿ ಇರಲೇಬೇಕು. ಎರಡು ಸಂಗತಿ ಮಾತ್ರ ಗೊತ್ತಿರಬೇಕು. ಒಂದು, ಅದರಲ್ಲಿ ಕಾಣುವ ಗಾಳಿ ಗುಣಮಟ್ಟದ ಸೂಚ್ಯಂಕಕ್ಕೆ ಕಣಗಳ ಲೆಕ್ಕ 24 ಗಂಟೆಗಳ ಸರಾಸರಿ. ಬೆಳಿಗ್ಗೆ ಏಳಕ್ಕೆ ಮಗುವನ್ನು ಸ್ಕೂಲ್ ಬಸ್ ಹತ್ತಿಸುವಾಗ ಗಾಳಿ ತೀರಾ ಕೆಟ್ಟಿದ್ದು, ಮಧ್ಯಾಹ್ನ ಸಮುದ್ರದ ಗಾಳಿ ಬಂದು ತಿಳಿಯಾಗಿದ್ದರೆ ಸರಾಸರಿ ಸಾಧಾರಣ ಎಂದೇ ತೋರುತ್ತದೆ. ಇನ್ನೊಂದು, ಬೇರೆ ಖಾಸಗಿ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಅಳತೆಗೋಲು ಬಳಸುತ್ತವೆ. ಪಿಎಂ 2.5 ಎಂಬ ಸೂಕ್ಷ್ಮ ಕಣ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕ 100, ಅಂದರೆ ‘ತೃಪ್ತಿಕರ’. ಅದೇ ಗಾಳಿ ಅಮೆರಿಕದ ಲೆಕ್ಕದಲ್ಲಿ 150 ದಾಟಿ ‘ಅನಾರೋಗ್ಯಕರ’ ಆಗುತ್ತದೆ. ಎರಡು ಆ್ಯಪ್ ಎರಡು ಮಾತು ಹೇಳುತ್ತವೆ ಎಂದು ಗಾಬರಿಯಾಗುವವರಿಗೆ ಉತ್ತರ ಇದು. ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಸಂಖ್ಯೆಯನ್ನೇ ಓದುವ ಅಭ್ಯಾಸ ಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ದಿನದ ಸರಾಸರಿಗೆ 15, ವರ್ಷದ ಸರಾಸರಿಗೆ 5. ನಮ್ಮ ದೇಶದ 2009ರ ಮಾನದಂಡ ದಿನಕ್ಕೆ 60, ವರ್ಷಕ್ಕೆ 40. ನಮ್ಮಲ್ಲಿ ‘ತೃಪ್ತಿಕರ’ದ ಕೊನೆಯ ಅಂಚಿನಲ್ಲಿರುವ ಗಾಳಿ ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿಯ ನಾಲ್ಕರಷ್ಟು ಎಂಬುದು ನೆನಪಿರಲಿ.

ಈ ಕಣಗಳು ಶ್ವಾಸಕೋಶದ ತುದಿಯವರೆಗೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಆಸ್ತಮಾ, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನೂ ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊರಗಿನ ಗಾಳಿಯ ಮಾಲಿನ್ಯವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 2013ರಲ್ಲಿ. ದೀರ್ಘಕಾಲ ಇಂಥ ಗಾಳಿಯಲ್ಲಿ ಇರುವವರಲ್ಲಿ ಖಿನ್ನತೆ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇನ್ನು ನಿಮ್ಮ ಮನೆಯ ಜಾಗ. ಸೂಚ್ಯಂಕದ ಕೇಂದ್ರ ಎರಡು ಮೂರು ಕಿಲೋಮೀಟರ್ ದೂರ ಇರಬಹುದು, ಆದರೆ ರಸ್ತೆಯ ಹೊಗೆಯ ಕಥೆ ನೂರು ಮೀಟರ್‌ಗೊಂದು ಬಗೆ. ದೊಡ್ಡ ರಸ್ತೆಯಿಂದ 300ರಿಂದ 500 ಮೀಟರ್ ಒಳಗಿನ ಪಟ್ಟಿಯೇ ವಾಹನದ ಹೊಗೆಗೆ ಅತಿ ಹೆಚ್ಚು ಸಿಕ್ಕುವ ಜಾಗ ಎಂಬುದು ಸಂಶೋಧಕರ ಒಪ್ಪಿತ ಅಂದಾಜು. ಗೋರೆಗಾಂವ್–ಮಲಾಡಿನಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಮುಖ ಮಾಡಿದ ಎರಡನೇ ಮಹಡಿಯ ಮನೆಯ ಗಾಳಿಗೂ, ಅದೇ ಸೊಸೈಟಿಯ ಹಿಂಬದಿಯ ಕಟ್ಟಡದ ಮನೆಯ ಗಾಳಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಬಾಡಿಗೆಗೆ ಮನೆ ಹುಡುಕುತ್ತಿರುವವರಿಗೆ ಈ ಹಿಂಬದಿ ಮನೆ ಯಾವ ಪ್ಯೂರಿಫೈಯರ್‌ಗಿಂತಲೂ ಅಗ್ಗದ ಉಪಾಯ.

ಮಾಪಕ

ಪ್ಯೂರಿಫೈಯರ್‌ಗೆ ಮುಂಚೆ 2,500ರಿಂದ 5,000 ರೂಪಾಯಿ ಒಳಗಿನ ಪಿಎಂ 2.5 ಮಾಪಕ ಒಂದನ್ನು ಕೊಳ್ಳಿ, ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದನ್ನು ತನ್ನಿ. ಒಳಗೆ ಲೇಸರ್ ಸೆನ್ಸರ್ ಇರಬೇಕು. ಅಂಗಡಿಯಲ್ಲೇ ಪರೀಕ್ಷೆ ಸಾಧ್ಯ: ಒಂದಡಿ ದೂರದಲ್ಲಿ ಊದುಬತ್ತಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಸಂಖ್ಯೆ ನೂರಾರಿಗೆ ಹಾರಬೇಕು, ತೆಗೆದ ಮೇಲೆ ನಿಧಾನವಾಗಿ ಇಳಿಯಬೇಕು. ಎಂಟುನೂರು ರೂಪಾಯಿಗೆ ಪಿಎಂ, ಫಾರ್ಮಾಲ್ಡಿಹೈಡ್, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ತೋರಿಸುತ್ತೇನೆ ಎನ್ನುವ ಡಬ್ಬಿಗಳ ಅಂಕಿ ನಂಬಲು ಬಾರದು.

ಒಳ್ಳೆಯ ಮಾಪಕಕ್ಕೂ ಎರಡು ಕುಂದುಗಳಿವೆ. ತೇವಾಂಶ ಶೇ 80 ಮೀರಿದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ ಲೇಸರ್ ಹೆಚ್ಚು ಲೆಕ್ಕ ಹೇಳುತ್ತದೆ. ಹಾಗಾಗಿ ಜುಲೈ ತಿಂಗಳ ಅಂಕಿ ನೋಡಿ ಹೆದರಬೇಡಿ. ಎರಡನೆಯದು ಇನ್ನೂ ಮುಖ್ಯ. ದಪ್ಪ ಧೂಳು ಈ ಸೆನ್ಸರಿಗೆ ಸರಿಯಾಗಿ ಕಾಣುವುದೇ ಇಲ್ಲ, ಪರದೆಯ ಮೇಲಿನ ಪಿಎಂ 10 (ದಪ್ಪ ಕಣವೂ ಸೇರಿದ ಲೆಕ್ಕ) ಬಹುಪಾಲು ಅಂದಾಜಿನದು. ಪಕ್ಕದ ಹಳೆ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಒಡೆಯುತ್ತಿರುವಾಗ ಮಾಪಕ 40 ತೋರಿಸುತ್ತಿದ್ದರೂ ಕಪಾಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಸಿಮೆಂಟ್ ಪುಡಿ ಕೂತಿರುತ್ತದೆ. ಅಲ್ಲಿ ಕಣ್ಣನ್ನು ನಂಬಿ.

ಮಾಪಕವನ್ನು ಹಾಸಿಗೆಯ ಎತ್ತರದಲ್ಲಿ, ಕಿಟಕಿಯಿಂದ ಮೂರಡಿ ದೂರ ಇಟ್ಟು ಒಂದು ವಾರ ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 10ಕ್ಕೆ ಬರೆದಿಡಿ. ಒಗ್ಗರಣೆ ಹಾಕಿದಾಗ, ದೇವರ ಮುಂದೆ ಧೂಪ ಹಚ್ಚಿದಾಗ, ಸೊಳ್ಳೆ ಕಾಯಿಲ್ ಉರಿಸಿದಾಗ ಬೇರೆಯಾಗಿ ಬರೆಯಿರಿ. ಬಹಳ ಮನೆಗಳಲ್ಲಿ ದಿನದ ಅತಿ ದೊಡ್ಡ ಅಂಕಿ ಬರುವುದು ರಸ್ತೆಯಿಂದಲ್ಲ, ಆ ಕಾಯಿಲಿನಿಂದ. ಒಂದು ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡಬಹುದು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕಿಟಕಿಗೆ ನೆಟ್ ಹೊಡೆಸಲು ಆಗುವ ಖರ್ಚು ಪ್ಯೂರಿಫೈಯರಿನ ಒಂದು ಫಿಲ್ಟರಿಗಿಂತ ಹೆಚ್ಚೇನಲ್ಲ. ಕಾಯಿಲ್ ಉರಿಸುತ್ತಲೇ ಪ್ಯೂರಿಫೈಯರ್ ಹಾಕಿ ಮಲಗುವ ಮನೆಗಳೂ ಇವೆ. ದಯವಿಟ್ಟು ಮೊದಲು ಕಾಯಿಲ್ ಬಿಡಿ.

ಯಂತ್ರದ ಆಯ್ಕೆ: ಸಿಎಡಿಆರ್ ಒಂದೇ ಮುಖ್ಯ

ಡಬ್ಬಿಯ ಮೇಲೆ ಏಳು ಹಂತದ ಶುದ್ಧೀಕರಣ, ಪ್ಲಾಸ್ಮಾ, ಯುವಿ, ವಿಟಮಿನ್ ಎಂದೆಲ್ಲ ಬರೆದಿರಬಹುದು. ನೀವು ಹುಡುಕಬೇಕಾದ್ದು ಸಿಎಡಿಆರ್ ಎಂಬ ಅಂಕಿ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ. ಫಿಲ್ಟರ್ ಹೆಪಾ ಎಚ್ 13 ಅಥವಾ 0.3 ಮೈಕ್ರಾನ್ ಕಣವನ್ನು ಶೇ 99.97ರಷ್ಟು ಹಿಡಿಯುವಂಥದ್ದು ಇರಲಿ. ‘ಹೆಪಾ ಟೈಪ್’, ‘ಹೆಪಾ ಲೈಕ್’ ಎಂದು ಬರೆದಿದ್ದರೆ ಬೇಡ. ಕಣಗಳಿಗೆ ವಿದ್ಯುದಾವೇಶ ಕೊಡುವ ಅಯಾನೈಸರ್ ಇದ್ದರೆ ಅದನ್ನು ಆರಿಸಲು ಬೇರೆಯೇ ಬಟನ್ ಇರಬೇಕು, ಕೆಲವು ಅಯಾನೈಸರ್‌ಗಳು ಓಝೋನ್ ಅನಿಲ ಹುಟ್ಟಿಸುತ್ತವೆ. ಆಸ್ತಮಾ ಇರುವವರ ಕೋಣೆಯಲ್ಲಿ ಓಝೋನ್ ವಿಷವೇ.

ಲೆಕ್ಕ ಹೀಗೆ. 10 ಅಡಿ, 12 ಅಡಿ, ಎತ್ತರ ಒಂಬತ್ತೂವರೆ ಅಡಿ. ಗುಣಿಸಿದರೆ 1,140 ಘನ ಅಡಿ, ಅಂದರೆ ಸುಮಾರು 32 ಘನ ಮೀಟರ್. ಗಂಟೆಗೆ ಐದು ಸಲ ಕೋಣೆಯ ಗಾಳಿಯೆಲ್ಲ ಸೋಸಬೇಕೆಂದರೆ ಸಿಎಡಿಆರ್ 160 ಬೇಕು. ಆದರೆ 160ರದನ್ನೇ ಕೊಂಡರೆ ಕೆಟ್ಟಿರಿ. ಆ ಅಂಕಿ ಸಿಗುವುದು ಅತಿ ವೇಗದಲ್ಲಿ, ಆ ವೇಗದಲ್ಲಿ ಸದ್ದು 55–60 ಡೆಸಿಬಲ್. ರಾತ್ರಿ ಅದನ್ನು ಯಾರೂ ಸಹಿಸುವುದಿಲ್ಲ, ‘ಸ್ಲೀಪ್’ಗೆ ಇಳಿಸುತ್ತಾರೆ, ಆಗ ಸೋಸುವ ಗಾಳಿ ಕಾಲು ಭಾಗವೂ ಇರುವುದಿಲ್ಲ. ಪ್ಯೂರಿಫೈಯರ್ ಕೆಲಸ ಮಾಡುವುದಿಲ್ಲ ಎಂಬ ದೂರುಗಳ ಹಿಂದೆ ಬಹುತೇಕ ಇದೇ ಕಾರಣ. ಬೇಕಾದ್ದಕ್ಕಿಂತ ದುಪ್ಪಟ್ಟು ಸಿಎಡಿಆರ್ ಇರುವುದನ್ನು ಕೊಂಡು ಮಧ್ಯಮ ವೇಗದಲ್ಲಿ ಓಡಿಸುವುದೇ ಸರಿ. ಉದಾಹರಣೆಗೆ ಶಾಓಮಿಯ 4 ಲೈಟ್ ಮಾದರಿಗೆ ಕಂಪನಿ ಹೇಳುವ ಸಿಎಡಿಆರ್ 360, ಗರಿಷ್ಠ ವಿದ್ಯುತ್ 33 ವ್ಯಾಟ್. ಈ ಅಳತೆಯ ಕೋಣೆಗೆ ಅದು ಅರ್ಧ ವೇಗದಲ್ಲೂ ಸಾಕಾಗುತ್ತದೆ. ಬೇರೆ ಕಂಪನಿಗಳದ್ದಾದರೂ 300ರಿಂದ 360ರ ಒಳಗಿನದನ್ನೇ ಆರಿಸಿ. ಹಾಲ್, ಅಡುಗೆ ಮನೆ ಒಂದೇ ಆಗಿರುವ 400 ಚದರಡಿಯ ಇಡೀ ಮನೆಗೆ ಒಂದೇ ಯಂತ್ರ ಸಾಕೆಂದು ಮಾರುವವರು ಹೇಳಿದರೆ ಒಪ್ಪಬೇಡಿ. ಮಲಗುವ ಕೋಣೆಗೆ ಇಡಿ. ದಿನದ ಎಂಟು ಗಂಟೆ ಕದಲದೆ ಉಸಿರಾಡುವ ಜಾಗ ಅದು.

ಫಿಲ್ಟರ್ ಎರಡು ಸಾವಿರದಿಂದ ಮೂರು ಸಾವಿರ ರೂಪಾಯಿ. ಯಂತ್ರ ಕೊಳ್ಳುವ ಮೊದಲೇ ಆ ಮಾದರಿಯ ಫಿಲ್ಟರ್ ಈಗಲೂ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ನೋಡಿ. ಅರ್ಧ ಬೆಲೆಗೆ ಸಿಗುವ ನಕಲಿಗಳಲ್ಲಿ ಮಡಿಕೆಗಳು ವಿರಳ, ಅಂಚಿನ ರಬ್ಬರ್ ಅಥವಾ ಫೋಮ್ ಪಟ್ಟಿ ಸಡಿಲ. ಆ ಸಂದಿಯಿಂದ ಗಾಳಿ ಸೋಸದೆಯೇ ನುಗ್ಗುತ್ತದೆ. ಕರೆಂಟ್ ಖರ್ಚಿಗೆ ಹೆದರಬೇಕಿಲ್ಲ: 33 ವ್ಯಾಟ್‌ನಂತೆ ರಾತ್ರಿ ಹತ್ತು ಗಂಟೆ ಓಡಿಸಿದರೂ ತಿಂಗಳಿಗೆ ಹತ್ತು ಯೂನಿಟ್, ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದರೂ ನೂರು ರೂಪಾಯಿ.

ಇಡುವುದು, ಪರೀಕ್ಷಿಸುವುದು

ಡಬ್ಬಿಯಿಂದ ತೆಗೆದ ಕೂಡಲೇ ಹಿಂಬದಿ ಮುಚ್ಚಳ ತೆರೆದು ಫಿಲ್ಟರ್ ಹೊರಗೆ ತೆಗೆಯಿರಿ. ಬಹಳಷ್ಟು ಮಾದರಿಗಳಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಚೀಲದೊಳಗೇ ಕೂತಿರುತ್ತದೆ. ಆ ಚೀಲ ತೆಗೆಯದೆ ತಿಂಗಳುಗಟ್ಟಲೆ ಓಡಿಸುವ ಮನೆಗಳು ಅಪರೂಪವೇನಲ್ಲ. ಯಂತ್ರದ ಸುತ್ತ ಒಂದಡಿ ಜಾಗ ಬಿಡಿ. ಪರದೆಯ ಹಿಂದೆ, ಮಂಚದ ಕೆಳಗೆ, ಕಪಾಟಿನ ಸಂದಿಯಲ್ಲಿ ಇಡಬೇಡಿ. ನೆಲದಿಂದ ಒಂದಡಿ ಎತ್ತರದ ಸ್ಟೂಲ್ ಮೇಲೆ, ಬಾಗಿಲಿನ ಕಡೆಗಿಂತ ತಲೆದೆಸೆಯ ಹತ್ತಿರ ಇಟ್ಟರೆ ಒಳ್ಳೆಯದು.

ಆಮೇಲೆ ಪರೀಕ್ಷೆ. ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಧಾನಕ್ಕೆ ಹಾಕಿ, ಒಂದು ಊದುಬತ್ತಿಯನ್ನು ಒಂದೆರಡು ನಿಮಿಷ ಉರಿಸಿ ಆರಿಸಿ. ಮಾಪಕದ ಅಂಕಿ ಬರೆದುಕೊಂಡು ಪ್ಯೂರಿಫೈಯರ್ ಮಧ್ಯಮ ವೇಗದಲ್ಲಿ ಹಾಕಿ. ಗಂಟೆಗೆ ಐದು ಸಲ ಸೋಸುವ ಯಂತ್ರವಾದರೆ ಎಂಟು ಒಂಬತ್ತು ನಿಮಿಷಕ್ಕೆ ಅಂಕಿ ಅರ್ಧಕ್ಕೆ ಇಳಿಯಬೇಕು, ಅರ್ಧ ಗಂಟೆಗೆ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಬರಬೇಕು. ಹೊರಗಿನ ಗಾಳಿ ತೀರಾ ಕೆಟ್ಟಿದ್ದರೆ ಅದಕ್ಕಿಂತ ಸ್ವಲ್ಪ ಮೇಲೆ ನಿಂತೀತು. ಅರ್ಧ ಗಂಟೆಯಾದರೂ ಅರ್ಧಕ್ಕೇ ನಿಂತಿದೆಯೋ, ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ: ಚೀಲ ತೆಗೆದಿಲ್ಲ, ಫಿಲ್ಟರ್ ಸರಿಯಾಗಿ ಕೂತಿಲ್ಲ, ಬಾಗಿಲ ಕೆಳಗಿನ ಸಂದಿ ದೊಡ್ಡದು, ಸ್ಲೈಡಿಂಗ್ ಕಿಟಕಿಯ ಬ್ರಷ್ ಪಟ್ಟಿ ಸವೆದಿದೆ, ಏಸಿಗೆ ಕೊರೆದ ತೂತು ಹಾಗೇ ಬಿಟ್ಟಿದೆ. ಕೊನೆಯದು ಬಾಡಿಗೆ ಮನೆಗಳಲ್ಲಿ ತುಂಬ ಸಾಮಾನ್ಯ, ಹಿಂದಿನವರು ಏಸಿ ಬಿಚ್ಚಿಕೊಂಡು ಹೋಗಿರುತ್ತಾರೆ. ಆ ತೂತನ್ನು ಸ್ವಲ್ಪ ಫೋಮ್ ತುರುಕಿ ಮುಚ್ಚಿ.

‘ಆಟೋ’ ಸ್ಥಿತಿಯನ್ನು ನೆಚ್ಚಬೇಡಿ. ಅಂಕಿ ಒಂದಷ್ಟು ಇಳಿದ ಕೂಡಲೇ ಯಂತ್ರ ಮಲಗಿಬಿಡುತ್ತದೆ, ಅಂಕಿ ಅಲ್ಲೇ ನಿಲ್ಲುತ್ತದೆ. ಮಲಗುವ ಒಂದು ಗಂಟೆ ಮೊದಲು ಜೋರಾಗಿ, ಮಲಗಿದ ಮೇಲೆ ಮಧ್ಯಮ ವೇಗದಲ್ಲಿ, ಹೀಗೆ ನೀವೇ ಹೊಂದಿಸಿ. ಒಂದು ಎಚ್ಚರಿಕೆ ಮಾತ್ರ ಇದೆ. ಪ್ಯೂರಿಫೈಯರ್ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ಸೋಸುತ್ತದೆ. ಮುಚ್ಚಿದ 32 ಘನ ಮೀಟರ್ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ 2,000 ಪಿಪಿಎಂ ಹತ್ತಿರ ಹೋಗುತ್ತದೆ. ತಲೆಭಾರ, ಎದ್ದರೂ ನಿದ್ದೆ ಸಾಲದೆಂಬ ಮಂಪರು ಅದರಿಂದಲೇ ಬರಬಹುದು. ಬಾಗಿಲನ್ನು ಎರಡು ಬೆರಳಷ್ಟು ತೆರೆದಿಡಿ, ದುಪ್ಪಟ್ಟು ಸಿಎಡಿಆರ್ ಇದ್ದರೆ ಅಷ್ಟನ್ನು ಯಂತ್ರ ನಿಭಾಯಿಸುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಮುದ್ರದ ಗಾಳಿ ಬೀಸುವ ಹೊತ್ತು ಎಲ್ಲ ಕಿಟಕಿ ತೆರೆಯಿರಿ, ಬೆಳಿಗ್ಗೆ ಆರರಿಂದ ಹತ್ತು ಮುಚ್ಚಿಡಿ. ಊರಲ್ಲಿ ಎದ್ದ ಕೂಡಲೇ ಕಿಟಕಿ ತೆರೆದು ರೂಢಿಯಾದವರಿಗೆ ಇದು ತಿರುವುಮುರುವು ಅನ್ನಿಸಬಹುದು, ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ಇದೇ ಸರಿ.

ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ, ಮುಗಿದ ಮೇಲೂ ಹತ್ತು ನಿಮಿಷ ಓಡಲಿ, ಪ್ಯೂರಿಫೈಯರ್ ಆಮೇಲೆ. ಎಣ್ಣೆಯ ಹನಿಗಳು ಫಿಲ್ಟರಿಗೆ ಹತ್ತಿದರೆ ಮಡಿಕೆ ಕಟ್ಟಿಕೊಂಡು ವಾಸನೆ ಹಿಡಿಯುತ್ತದೆ, ಆಯುಷ್ಯ ಅರ್ಧ. ಹೊರ ಜಾಲರಿಯನ್ನು ಎರಡು ವಾರಕ್ಕೊಮ್ಮೆ ಒರೆಸಿ. ಹೆಪಾ ತೊಳೆಯಬಾರದು, ಜೋರಾಗಿ ವ್ಯಾಕ್ಯೂಮ್ ಕೂಡ ಮಾಡಬಾರದು, ನೂಲುಗಳು ಹರಿಯುತ್ತವೆ. ಬದಿಯ ಸೆನ್ಸರ್ ಕಿಂಡಿಯನ್ನು ಮೂರು ತಿಂಗಳಿಗೊಮ್ಮೆ ಒಣ ಹತ್ತಿಕಡ್ಡಿಯಿಂದ ಒರೆಸದಿದ್ದರೆ ಗಾಳಿ ಹೇಗಿದ್ದರೂ ಅದು ತಪ್ಪು ಅಂಕಿಯನ್ನೇ ತೋರಿಸುತ್ತದೆ.

ಎಲ್ಲಿ ಇದು ಸೋಲುತ್ತದೆ

ಚೆಂಬೂರು, ಮಾಹುಲ್, ವಡಾಲಾ ಬದಿಯವರ ತೊಂದರೆಯಲ್ಲಿ ಅನಿಲದ ಪಾಲು ದೊಡ್ಡದು. ಸಂಸ್ಕರಣಾಗಾರಗಳು, ರಸಗೊಬ್ಬರ ಕಾರ್ಖಾನೆ, ತೈಲದ ಟ್ಯಾಂಕುಗಳು ಅಲ್ಲಿ ಕೈಗೆಟಕುವಷ್ಟು ಹತ್ತಿರ. ಹೆಪಾ ಕಾಗದ ಅನಿಲವನ್ನು ಹಿಡಿಯುವುದಿಲ್ಲ. ಜೊತೆಗಿರುವ ಇದ್ದಿಲಿನ ಪದರ ಅಗ್ಗದ ಯಂತ್ರಗಳಲ್ಲಿ ತೆಳ್ಳನೆ ಹಾಳೆ, ದಿನವಿಡೀ ಬರುವ ಅನಿಲಕ್ಕೆ ಕೆಲವೇ ವಾರದಲ್ಲಿ ತುಂಬಿಹೋಗುತ್ತದೆ. ಅನಿಲಕ್ಕಾಗಿಯೇ ಕೊಳ್ಳುವುದಾದರೆ ಕಿಲೋಗಟ್ಟಲೆ ಹರಳಿನ ಇದ್ದಿಲು ಇರುವ ಯಂತ್ರ ಬೇಕು, ಅದು ಈ ಬೆಲೆಯಲ್ಲಿ ಸಿಗದು. ಮಾಹುಲ್‌ಗೆ ಪುನರ್ವಸತಿ ಎಂದು ಕಳಿಸಿದ ಕುಟುಂಬಗಳ ಹೋರಾಟ ನೆನಪಿರಬಹುದು. 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಎಂದಿತು, 2019ರಲ್ಲಿ ಬಾಂಬೆ ಹೈಕೋರ್ಟ್ ಆ ಕುಟುಂಬಗಳಿಗೆ ಬೇರೆಡೆ ಇರಲು ಬಾಡಿಗೆ ಹಣ ಕೊಡುವಂತೆ ಹೇಳಿತು. ಆ ಗಾಳಿಗೆ ಮನೆಯೊಳಗಿನ ಯಂತ್ರ ಉತ್ತರವಾಗಲಾರದು. ದೇವನಾರ್ ಕಸದ ಗುಡ್ಡದ ಹೊಗೆಯಲ್ಲಿ ಕಣವೂ ಇದೆ, ಅನಿಲವೂ ಇದೆ. 2016ರ ಜನವರಿಯ ಬೆಂಕಿಯಂಥ ದಿನಗಳಲ್ಲಿ ಪ್ಯೂರಿಫೈಯರ್ ಕಣದ ಭಾರವನ್ನಷ್ಟೇ ಇಳಿಸುತ್ತದೆ, ಮಕ್ಕಳನ್ನು ಬೇರೆ ಕಡೆ ಕಳಿಸುವುದು ಮೇಲು.

ಕಟ್ಟಡ ಕೆಲಸದ ಧೂಳಿಗೆ ಒದ್ದೆ ಬಟ್ಟೆಯೇ ಮೊದಲ ಯಂತ್ರ. ದಿನಕ್ಕೆರಡು ಸಲ ಒದ್ದೆ ಒರೆಸು, ಒಣ ಪೊರಕೆ ಬೇಡ. 2023ರ ಅಕ್ಟೋಬರ್‌ನಲ್ಲಿ ಮುಂಬೈ ಪಾಲಿಕೆ ಹೊರಡಿಸಿದ ನಿಯಮದಲ್ಲಿ 70 ಮೀಟರ್ ಮೀರಿದ ಕಟ್ಟಡಗಳ ಸುತ್ತ 35 ಅಡಿ ಎತ್ತರದ ತಗಡು, ಕಟ್ಟಡಕ್ಕೆ ಒದ್ದೆ ಹಸಿರು ಬಟ್ಟೆ ಅಥವಾ ಗೋಣಿಯ ಹೊದಿಕೆ, ನೀರು ಸಿಂಪಡಣೆ ಇವೆಲ್ಲ ಬಿಲ್ಡರನ ಹೊಣೆ. ಪಕ್ಕದ ಸೈಟ್‌ನಲ್ಲಿ ಇದು ಕಾಣದಿದ್ದರೆ ದಿನಾಂಕ, ಸಮಯ ಸಹಿತ ಫೋಟೋ ತೆಗೆದು 1916ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಡಿ. ಒಬ್ಬರಿಗಿಂತ ಸೊಸೈಟಿಯ ಲೆಟರ್‌ಹೆಡ್ಡಿಗೆ ಬೆಲೆ ಹೆಚ್ಚು.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್ ಹೊರಗಿನ ಕಣ ತಾನೇ ತೊಳೆದುಹೋಗುತ್ತದೆ, ಪ್ಯೂರಿಫೈಯರಿಗೆ ಕೆಲಸ ಕಡಿಮೆ. ಆದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಥಂಡಿ ಹಿಡಿದ ಮನೆಯಲ್ಲಿ ಆಸ್ತಮಾ, ಅಲರ್ಜಿ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಬರೆದಿದೆ. ಬಿಸಿಲಿಲ್ಲದ, ಮುಗ್ಗಲು ವಾಸನೆಯ ಕೋಣೆಯಲ್ಲಿ ನಾಲ್ಕು ತಿಂಗಳು ಕೂತವರ ಮನಸ್ಸು ಕುಗ್ಗುವುದೂ ಸುಳ್ಳಲ್ಲ. ಐನೂರು ರೂಪಾಯಿಯ ತೇವಾಂಶ ಮಾಪಕ ತನ್ನಿ. ಶೇ 60ರೊಳಗೆ ಇದ್ದರೆ ಚೆನ್ನ, 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಖಚಿತ. ಒಂದು ಸಲ ಒಗೆದ ಬಟ್ಟೆಯನ್ನು ಮಲಗುವ ಕೋಣೆಯ ಹಗ್ಗಕ್ಕೆ ಹಾಕಿದರೆ ಎರಡು ಲೀಟರ್‌ನಷ್ಟು ನೀರು ಆ ಕೋಣೆಯ ಗಾಳಿಗೇ ಸೇರುತ್ತದೆ. ಬಚ್ಚಲಲ್ಲಿ ಎಕ್ಸಾಸ್ಟ್ ಹಾಕಿ ಅಲ್ಲೇ ಒಣಗಿಸಿ.

ಇಲ್ಲಿ ಡಿಹ್ಯುಮಿಡಿಫೈಯರ್ ಯೋಗ್ಯ ಖರೀದಿ, ಕಂಪ್ರೆಸರ್ ಇರುವುದು ಮಾತ್ರ. ದಿನಕ್ಕೆ 10–12 ಲೀಟರ್ ಎಂದು ಬರೆದ ಯಂತ್ರಗಳ ಪರೀಕ್ಷೆ ಸಾಮಾನ್ಯವಾಗಿ 30 ಡಿಗ್ರಿ, ಶೇ 80 ತೇವಾಂಶದಲ್ಲಿ ನಡೆಯುತ್ತದೆ. ಅದು ಹೆಚ್ಚುಕಡಿಮೆ ಮುಂಬೈಯ ಜುಲೈಯೇ, ಹಾಗಾಗಿ ಬರೆದಷ್ಟು ನೀರು ನಿಜವಾಗಿ ತೆಗೆಯುತ್ತದೆ. ಮೂರು ಸಾವಿರಕ್ಕೆ ಸಿಗುವ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಪುಟಾಣಿಗಳು ದಿನಕ್ಕೆ ಅರ್ಧ ಲೀಟರ್ ತೆಗೆದರೆ ಹೆಚ್ಚು, ಅವು ಕಪಾಟಿಗೆ ಸರಿ. ಕಂಪ್ರೆಸರ್ ಯಂತ್ರ 200–300 ವ್ಯಾಟ್ ತಿನ್ನುತ್ತದೆ, ಕೋಣೆ ಸ್ವಲ್ಪ ಬಿಸಿಯಾಗುತ್ತದೆ. ಏಸಿ ಇದ್ದವರು ಮೊದಲು ಅದರ ‘ಡ್ರೈ’ ಸ್ಥಿತಿ ಬಳಸಿ ನೋಡಲಿ. ನೀರು ಸೋರಿ ಬಂದ ಥಂಡಿಗೆ ಮಾತ್ರ ಇವು ಯಾವುದೂ ಆಗದು. ಹೊರಗೋಡೆಯ ಬಿರುಕು, ಮಳೆನೀರು, ಸಾರ್ವಜನಿಕ ಪೈಪಿನ ಸೋರಿಕೆ ಸರಿಪಡಿಸುವುದು ಸೊಸೈಟಿಯ ಕೆಲಸ, ಮೇಲ್ಮನೆಯ ಬಚ್ಚಲು ಅಥವಾ ಸಿಂಕಿನ ಸೋರಿಕೆ ಆ ಮನೆಯವರದ್ದು ಎಂದು ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲೇ ಇದೆ. ಬೂಷ್ಟಿನ ಮೇಲೆ ಪೇಂಟ್ ಬಳಿದರೆ ಮುಂದಿನ ಆಗಸ್ಟ್‌ಗೆ ಪದರ ಎದ್ದು ಬರುತ್ತದೆ.

ಗದ್ದಲದ ವಿಚಾರವನ್ನು ನಮ್ಮ ಜನ ಕಡೆಗಣಿಸುವುದು ಹೆಚ್ಚು. ‘ರೂಢಿಯಾಗಿದೆ’ ಎನ್ನುತ್ತಾರೆ. ಕಿವಿಗೆ ರೂಢಿಯಾದರೂ ಹೃದಯಕ್ಕೆ ಆಗುವುದಿಲ್ಲ: ನಿದ್ದೆಯಲ್ಲಿ ಎಚ್ಚರವಾಗದೆಯೇ ನಾಡಿ, ರಕ್ತದೊತ್ತಡ ಏರಿ ಇಳಿಯುತ್ತವೆ. ವರ್ಷಗಟ್ಟಲೆ ಇದೇ ಆದರೆ ಹೃದ್ರೋಗದ ಅಪಾಯ, ಸಿಡುಕು, ಆತಂಕ, ಮಕ್ಕಳಲ್ಲಿ ಓದಿನ ಹಿನ್ನಡೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ಐಫೋನ್ ಇದ್ದವರಿಗೆ ಅಮೆರಿಕದ ನಿಯೋಶ್ ಎಂಬ ಸರ್ಕಾರಿ ಸಂಸ್ಥೆಯ ಉಚಿತ ಸೌಂಡ್ ಲೆವೆಲ್ ಮೀಟರ್ ಆ್ಯಪ್ ನಂಬಿಕಸ್ಥ. ಆಂಡ್ರಾಯ್ಡ್ ಆ್ಯಪ್‌ಗಳು ಫೋನಿಗೊಂದು ಬಗೆ, ಹೋಲಿಕೆಗೆ ಮಾತ್ರ ಬಳಸಿ. ರಾತ್ರಿ ಹನ್ನೊಂದಕ್ಕೆ ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಅಳೆಯಿರಿ. ವ್ಯತ್ಯಾಸ 10 ಡೆಸಿಬಲ್‌ಗಿಂತ ಕಡಿಮೆಯಿದ್ದರೆ ದುಬಾರಿ ಗಾಜು ಬೇಡ, ಮೊದಲು ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಇದರಿಂದ ಧೂಳೂ ಕಡಿಮೆಯಾಗಿ ಪ್ಯೂರಿಫೈಯರಿಗೂ ನೆರವು. ಹೊಸ ಕಿಟಕಿ ಹಾಕಿಸುವುದಾದರೆ ಸ್ಲೈಡಿಂಗ್‌ಗಿಂತ ಒತ್ತಿ ಮುಚ್ಚುವ ಕೇಸ್‌ಮೆಂಟ್ ಒಳ್ಳೆಯದು. ಪ್ಯೂರಿಫೈಯರಿನ ಮಧ್ಯಮ ವೇಗದ ಒಂದೇ ಸಮನೆಯ ಸದ್ದು ಹೊರಗಿನ ಹಾರ್ನ್‌ಗಳನ್ನು ಒಂದಿಷ್ಟು ಮುಚ್ಚುವುದರಿಂದ ಕೆಲವರಿಗೆ ನಿದ್ದೆ ಚೆನ್ನಾಗಿ ಹತ್ತುತ್ತದೆ, ಅದು ಯಂತ್ರದ ಅನಿರೀಕ್ಷಿತ ಲಾಭ. ವಾರಗಟ್ಟಲೆ ನಿದ್ದೆಯಿಲ್ಲದೆ ಮನಸ್ಸು ಕುಸಿದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಹೋಟೆಲ್ ಹುಡುಗರ ಕೋಣೆ

ಕೊನೆಗೆ ಯಾವ ವಿಮರ್ಶೆಯಲ್ಲೂ ಬಾರದ ಒಂದು ಕೋಣೆ. ಉಡುಪಿ ಹೋಟೆಲುಗಳ ಅಟ್ಟದಲ್ಲೋ ಹಿಂದಿನ ಗಲ್ಲಿಯಲ್ಲೋ ಆರು ಎಂಟು ಹುಡುಗರು ಒಟ್ಟಿಗೆ ಮಲಗುವ ಜಾಗ. ಕೆಳಗಿನ ಒಲೆಯ ಎಣ್ಣೆಹೊಗೆ, ಮೂಲೆಯಲ್ಲಿ ಕಾಯಿಲ್, ತೆರೆಯಲಾಗದ ಒಂದು ಕಿಟಕಿ. ಗಾಳಿ ಬೆಳಕಿಲ್ಲದೆ ಹಲವರು ಒತ್ತೊತ್ತಾಗಿ ಮಲಗುವ ಕೋಣೆಯಲ್ಲಿ ಕ್ಷಯ ಹರಡುವುದು ಸುಲಭ. ಗೋವಂಡಿಯಲ್ಲಿ ಮೂರು ಮೀಟರ್ ಅಂತರದಲ್ಲಿ ಎದ್ದ ಪುನರ್ವಸತಿ ಕಟ್ಟಡಗಳ ಕೆಳಮಹಡಿಗಳಲ್ಲಿ ಆದದ್ದು ಅದೇ. ಮಾಲೀಕರು ಇಲ್ಲಿ ಪ್ಯೂರಿಫೈಯರ್ ತಂದಿಟ್ಟು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ, ಎಂಟು ಜನರ ಉಸಿರಿಗೆ ಹೊಸ ಗಾಳಿಯೇ ಬೇಕು. 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಒಂದನ್ನು ಹೊರಗೋಡೆಯ ಮೇಲ್ಭಾಗಕ್ಕೆ, ಅಡುಗೆ ಮನೆಯ ಹೊಗೆ ಕೊಳವೆಯಿಂದ ಸಾಧ್ಯವಾದಷ್ಟು ದೂರದಲ್ಲಿ ಕೂರಿಸಿ. ಅದರ ಎದುರು ಗೋಡೆಯಲ್ಲಿ ಗಾಳಿ ಒಳಬರಲು ನೆಟ್ ಹೊಡೆದ ಕಿಂಡಿ ಇರಲೇಬೇಕು, ಅದು ಅಡುಗೆ ಮನೆಯ ಕಡೆಗೆ ತೆರೆಯಬಾರದು. ಕಿಂಡಿಯ ಅಳತೆ ಫ್ಯಾನಿನ ಬಾಯಿಗಿಂತ ಚಿಕ್ಕದಾಗಬಾರದು, ಅಂದರೆ ಒಂದು ಚದರಡಿ. ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಸುಮ್ಮನೆ ಸದ್ದು ಮಾಡುತ್ತದೆ, ಅಥವಾ ಮೆಟ್ಟಿಲ ಸಂದಿಯಿಂದ ಒಲೆಯ ಹೊಗೆಯನ್ನೇ ಮೇಲಕ್ಕೆ ಎಳೆಯುತ್ತದೆ. ಹಾಕಿಸಿದ ದಿನವೇ ಕಿಂಡಿಯ ಬಳಿ ಊದುಬತ್ತಿ ಹಿಡಿದು ನೋಡಿ: ಹೊಗೆ ಕೋಣೆಯೊಳಗೆ ಬಾಗಬೇಕು, ಮೆಟ್ಟಿಲ ಬಾಗಿಲ ಬಳಿ ಹಿಡಿದಾಗ ಒಳಕ್ಕೆ ಬರಬಾರದು. ಬಂದರೆ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಿಂಡಿಯನ್ನು ದೊಡ್ಡದು ಮಾಡಿಸಿ.